ಕುತ್ತಿಗೆ ಗಂಟಿನ ಸೂಜಿ ಟೆಸ್ಟ್ ಎಲ್ಲಿ ಮಾಡ್ತಾರೆ ಅಂತ ಒಂದು ಬೋರ್ಡ್ ಹಾಕಿ

ಮಾನ್ಯ ಸಂಪಾದಕರೇ,

ನಾನು ಅಂಕೋಲಾ ತಾಲೂಕಿನ ಗೃಹಿಣಿ, ಪೇಪರಿಗೆ ಪತ್ರ ಬರೀತಿರೋದು ಇದೇ ಮೊದಲು. ನನಗಾಗಿದ್ದು ಇನ್ನೊಬ್ಬರಿಗೆ ಆಗೋದು ಬೇಡ ಅಂತ ಬರೀತಿದ್ದೇನೆ, ದಯವಿಟ್ಟು ಹಾಕಿ.

2024ರ ಮೇ ತಿಂಗಳು, ಮನೆ ತುಂಬ ಇಶಾಡ ಮಾವಿನಹಣ್ಣು. ರಸ ಹಿಂಡ್ತಾ ಕೂತಿದ್ದೆ, ಸೆಖೆ ಅಂದ್ರೆ ಸೆಖೆ, ಕುತ್ತಿಗೆ ಬೆವರು ಒರೆಸ್ಕೊಳ್ಳೋಣ ಅಂತ ಸೆರಗು ಎಳೆದಾಗ ಕರಿಮಣಿ ಸರ ಎಡಗಡೆ ಏನನ್ನೋ ಹತ್ತಿ ಇಳಿದಂಗಾಯ್ತು. ಮುಟ್ಟಿ ನೋಡಿದ್ರೆ ಹುಣಸೆ ಬೀಜದಷ್ಟು ಗಂಟು, ಒತ್ತಿದ್ರೂ ನೋವಿಲ್ಲ. ನೋವಿಲ್ಲ ಅನ್ನೋದೇ ನನಗೆ ಧೈರ್ಯ ಕೊಟ್ಟಿದ್ದು, ಅದೇ ನಾನು ಮಾಡಿದ ದೊಡ್ಡ ತಪ್ಪು. ಬಂಡಿಹಬ್ಬ ಮುಗೀಲಿ ಆಮೇಲೆ ಡಾಕ್ಟರ್ ಹತ್ರ ಹೋದ್ರಾಯ್ತು ಅಂದ್ಕೊಂಡೆ. ಪಕ್ಕದ ಮನೆ ಅಕ್ಕ "ಉಷ್ಣಕ್ಕೆ ಆಗಿದ್ದು ತಂಗಿ, ಸುಣ್ಣ ಅರಿಶಿಣ ಹಚ್ಚು" ಅಂದ್ರು, ಹಚ್ಚಿದೆ, ಚರ್ಮ ಸುಟ್ಟು ಕಪ್ಪಾಯ್ತೇ ಹೊರತು ಗಂಟು ಹಂಗೇ ಇತ್ತು.

ಜೂನಲ್ಲಿ ಒಂದು ಕ್ಲಿನಿಕ್‌ಗೆ ಹೋದೆ, ಟೇಬಲಿನ ಆಚೆಯಿಂದಲೇ ನೋಡಿ ಐದು ದಿನದ ಆಂಟಿಬಯಾಟಿಕ್ ಬರೆದ್ರು. ಮೊದಲಿಗೆ ಹಂಗೇ ಕೊಡ್ತಾರಂತೆ, ಹಲ್ಲು ಗಂಟಲು ಕಿವಿ ಎಲ್ಲಿ ಸೋಂಕಾದ್ರೂ ಕುತ್ತಿಗೆಯ ಲಿಂಫ್ ನೋಡ್, ಅಂದ್ರೆ ಸೋಂಕು ತಡೆಯೋ ಸಣ್ಣ ಗ್ರಂಥಿ, ಊದ್ತದೆ, ಎರಡು ಮೂರು ವಾರದಲ್ಲಿ ತಾನಾಗೇ ಇಳೀತದೆ, ಅದು ಸರಿ. ಆದ್ರೆ ಇಳೀದಿದ್ರೆ ಮತ್ತೆ ಬನ್ನಿ ಅಂತ ಒಂದು ಮಾತು ಹೇಳ್ಬೇಕಿತ್ತು ಅಲ್ವಾ? ನಾನೇ ಎರಡನೇ ಸಲ ಹೋದ್ರೆ ಇನ್ನೊಂದು ಥರದ ಮಾತ್ರೆ ಕೊಟ್ರು, ಮೂರನೇ ಸಲ ಹೋದಾಗ ಮಣಿಪಾಲಕ್ಕೆ ಹೋಗಿ ಅಂದ್ರು.

ಜುಲೈ 17ಕ್ಕೆ ಹೊರಡೋದು ಅಂತ ಇತ್ತು. 16ಕ್ಕೆ ಶಿರೂರಲ್ಲಿ ಗುಡ್ಡ ಕುಸೀತು, ಹೆದ್ದಾರಿ ಬಂದ್. ಗಂಗಾವಳಿ ಹೊಳೆಯಲ್ಲಿ ತಮ್ಮವರನ್ನ ಹುಡುಕ್ತಿದ್ದವರ ಮುಖ ದಿನಾ ಟಿವಿಯಲ್ಲಿ ನೋಡ್ತಾ ನೋಡ್ತಾ, ಅವರ ದುಃಖದ ಮುಂದೆ ನನ್ನದೊಂದು ಗಂಟು ಯಾವ ಲೆಕ್ಕ ಅನ್ನಿಸಿ ಮತ್ತೆ ಎರಡು ವಾರ ಸುಮ್ಮನೆ ಕೂತೆ. ಅಷ್ಟರಲ್ಲಿ ಅದು ಅಡಿಕೆಯಷ್ಟಾಗಿ ಪಕ್ಕದಲ್ಲಿ ಇನ್ನೊಂದು ಸಣ್ಣದು ಎದ್ದಿತ್ತು, ಸಂಜೆಯಾದ್ರೆ ಮೈ ಬಿಸಿ, ರವಿಕೆ ಎಲ್ಲ ಸಡಿಲ. ಆಗ ನಮ್ಮ ಯಜಮಾನ್ರು ಹಠ ಮಾಡಿ ಆ ಮಳೆಯಲ್ಲೇ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕರ್ಕೊಂಡ್ಹೋದ್ರು.

ಅಲ್ಲಿ ಡಾಕ್ಟರಮ್ಮ ನನ್ನ ಬೆನ್ನ ಹಿಂದೆ ನಿಂತು ಎರಡೂ ಕೈಯಲ್ಲಿ ಕುತ್ತಿಗೆ ಮುಟ್ಟಿ ನೋಡಿ "ಎಂಜಲು ನುಂಗ್ರಿ" ಅಂದ್ರು. ನುಂಗಿದಾಗ ಗಂಟು ಮೇಲೆ ಕೆಳಗೆ ಹೋದ್ರೆ ಸಾಮಾನ್ಯವಾಗಿ ಥೈರಾಯ್ಡಿಂದು, ನಂದು ಹೋಗ್ಲಿಲ್ಲ. ಬಾಯೊಳಗೆ ಟಾರ್ಚ್ ಬಿಟ್ರು, ಕಂಕುಳ ನೋಡಿದ್ರು, ಅಷ್ಟು ದಿನದಲ್ಲಿ ನನ್ನ ಕುತ್ತಿಗೆ ಸರಿಯಾಗಿ ಮುಟ್ಟಿ ನೋಡಿದ ಮೊದಲ ಡಾಕ್ಟರು ಅವರು. ಆಮೇಲೆ ಎಫ್ಎನ್ಎಸಿ, ಅದೇ ಈ ಸೂಜಿ ಟೆಸ್ಟ್. ಹೆಸರು ಕೇಳಿ ಆಪರೇಷನ್ ಅಂತ ನಡುಗಿಬಿಟ್ಟಿದ್ದೆ, ನೋಡಿದ್ರೆ ಇಂಜೆಕ್ಷನ್‌ ಥರದ್ದೇ ಸಪೂರ ಸೂಜಿ, ಗಂಟಿಗೆ ಚುಚ್ಚಿ ಒಂದೆರಡು ಹನಿ ತೆಗೆದು ಗಾಜಿನ ಪಟ್ಟಿ ಮೇಲೆ ಸವರಿದ್ರು, ಐದು ನಿಮಿಷದ ಕೆಲಸ. ಇದಕ್ಕೆ ನಾನು ಮೂರು ತಿಂಗಳು ಕಾದಿದ್ದು.

ನಂದು ಟಿಬಿ, ಹಿಂದಿನವರು ಗಂಡಮಾಲೆ ಅಂತಿದ್ರಲ್ಲ ಅದು. ಎದೆಯ ಎಕ್ಸ್‌ರೇ ಸರಿ ಇತ್ತು, ಕೆಮ್ಮು ಕಫ ಏನೂ ಇಲ್ಲ, ಹಂಗಾಗಿ ಕಫದ ಟೆಸ್ಟಲ್ಲಿ ಇದು ಸಿಗೋ ಹಂಗೇ ಇರ್ಲಿಲ್ಲ. ಆರು ತಿಂಗಳು ದಿನಾ ಮಾತ್ರೆ, ಸರ್ಕಾರದಿಂದ ಪೂರ್ತಿ ಫ್ರೀ, ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ, ನವೆಂಬರಿಂದ 1000 ಆಯ್ತು. ಶುರು ಮಾಡಿದ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗಿ ರಕ್ತ ಅಂತ ಹೆದರಿ ಅತ್ತಿದ್ದೆ, ಆಶಾ ಅಕ್ಕ ಓಡಿ ಬಂದು ಅದು ಮಾತ್ರೆ ಬಣ್ಣ ಅಂತ ಸಮಾಧಾನ ಮಾಡಿದ್ರು. ಊರಲ್ಲಿ ಕೆಲವರು ನನ್ನ ಲೋಟ ಬೇರೆ ಇಟ್ರು. ಪುಪ್ಪಸದಲ್ಲಿ ಇಲ್ದೆ ಬರೀ ಕುತ್ತಿಗೆ ಗಂಟಲ್ಲಿರೋ ಟಿಬಿ ಹಂಗೆಲ್ಲ ಒಬ್ಬರಿಂದ ಒಬ್ಬರಿಗೆ ಹರಡೋದಿಲ್ಲ ಅಂತ ಡಾಕ್ಟರೇ ಹೇಳಿದ್ರು, ಆ ಲೋಟದ ನೋವು ಸೂಜಿಗಿಂತ ಜಾಸ್ತಿ.

ನಾನು ಗುಣವಾದೆ. ಆದ್ರೆ ಹುಬ್ಬಳ್ಳಿಯಲ್ಲಿ ಅದೇ ಸಾಲಲ್ಲಿ ನಮ್ಮ ಕಡೆಯವರೇ ಒಬ್ಬರು ಇದ್ರು, ದವಡೆ ಕೆಳಗೆ ಕಲ್ಲಿನಂಥ ಗಂಟು, ಮೂವತ್ತು ವರ್ಷ ತಂಬಾಕು ಹಾಕಿ ಕವಳ ತಿಂದವರು, ಬಾಯಲ್ಲಿ ಮಾಯದ ಹುಣ್ಣು. "ನೋವಿರ್ಲಿಲ್ಲ ತಂಗಿ, ಅದ್ಕೇ ಒಂದ್ವರ್ಷ ಬಿಟ್ಟೆ" ಅಂದ್ರು. ಅವರ ಮಾತು ಇನ್ನೂ ಕಿವಿಯಲ್ಲಿದೆ. ಮೂರು ವಾರ ಆದ್ರೂ ಇಳೀದ ಗಂಟು, ಅದರಲ್ಲೂ ಗಟ್ಟಿಯಾಗಿ ಅಲುಗಾಡದೇ ಇರೋದು, ಸ್ವರ ಕೂರೋದು, ನುಂಗೋಕೆ ತ್ರಾಸು, ಇದ್ಯಾವುದಿದ್ರೂ ಲೇಪ ಹಚ್ತಾ ಕೂರಬೇಡಿ ಪ್ಲೀಸ್.

ಈಗ ನನ್ನ ಬೇಡಿಕೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಟ್ಟಲೆ ಕೇಳ್ತಾ ಇದ್ದೇವೆ, ನಾನೂ ಕೇಳ್ತೇನೆ. ಆದ್ರೆ ಈ ಸೂಜಿ ಟೆಸ್ಟಿಗೆ ಅಷ್ಟು ದೊಡ್ಡದೇನೂ ಬೇಡ. ಕಾರವಾರದಲ್ಲಿ ಮೆಡಿಕಲ್ ಕಾಲೇಜೇ ಇದೆ, ನಮಗೆ ಒಂದು ಗಂಟೆಯೊಳಗಿನ ದಾರಿ, ಅಲ್ಲಿ ಹೋಗಿ ಕೇಳಿ ಅಂತ ನನಗೆ ಯಾರೂ ಹೇಳ್ಲಿಲ್ಲ, ನನಗೂ ಹೊಳೀಲಿಲ್ಲ. ಏನಾದ್ರೂ ಆದ್ರೆ ಮಣಿಪಾಲ ಇಲ್ಲಾ ಗೋವಾ ಅಂತ ನಮ್ಮ ಬಾಯಿಗೆ ಬಂದುಬಿಟ್ಟಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳು ವಾರಕ್ಕೊಂದು ದಿನ ತಾಲೂಕು ಆಸ್ಪತ್ರೆಗಳಲ್ಲೇ ಸೂಜಿ ಹಾಕಿಸಿ ಆ ಗಾಜಿನ ಪಟ್ಟಿಗಳನ್ನ ಕಾರವಾರಕ್ಕೆ ಕಳಿಸೋ ವ್ಯವಸ್ಥೆ ಮಾಡ್ಲಿ. ಅದಕ್ಕೆ ಟೈಮ್ ಹಿಡೀತದೆ ಅಂದ್ರೆ ಕುತ್ತಿಗೆ ಗಂಟಿದ್ರೆ ಯಾವ ದಿನ, ಯಾವ ರೂಮಿಗೆ, ಎಲ್ಲಿಗೆ ಹೋಗ್ಬೇಕು ಅಂತ ಒಂದು ಬೋರ್ಡ್ ಆದ್ರೂ ಈ ತಿಂಗಳೇ ಹಾಕ್ಲಿ. ಚೀಟಿ ಮಾಡಿಸೋ ಕಿಟಕಿ ಹತ್ರ ನಾಯಿ ಕಡಿತದ ಬೋರ್ಡ್ ಇರ್ತದಲ್ಲ, ಅದರ ಪಕ್ಕದಲ್ಲೇ ಹಾಕ್ಲಿ, ಅಲ್ಲಿ ನಿಂತವರೆಲ್ಲ ಓದ್ತಾರೆ.

ಇಂತಿ,
ನಿಮ್ಮ ಓದುಗಳು
ಅಂಕೋಲಾ ತಾಲೂಕು, ಉತ್ತರ ಕನ್ನಡ