ಕ್ಯಾಮರಾ ಕಂಡರೆ ಮಾತ್ರ ಬ್ರೇಕ್

ಮಾನ್ಯರೇ,

ಕಟಪಾಡಿಯಿಂದ ಸುರತ್ಕಲ್‌ಗೆ ದಿನಾ ಬೈಕಿನಲ್ಲಿ ಹೋಗಿಬರುವವನು ನಾನು. ಹೆದ್ದಾರಿ 66ರಲ್ಲಿ ಸ್ಪೀಡ್ ಕ್ಯಾಮರಾ ಬೇಕು, ಅದರಲ್ಲಿ ತಕರಾರಿಲ್ಲ. ಅದನ್ನು ಇಡುವ ರೀತಿಯ ಬಗ್ಗೆ ಮಾತ್ರ ಈ ಪತ್ರ.

ಕಳೆದ ಮಳೆಗಾಲದ ಒಂದು ಸಂಜೆ. ನನ್ನ ಮುಂದೆ ಇಬ್ಬರು ಹುಡುಗರ ಬೈಕು. ಕ್ಯಾಮರಾ ಕಂಡದ್ದೇ ತಡ, ಓಡಿಸುತ್ತಿದ್ದವನು ಬ್ರೇಕ್ ಒತ್ತಿದ. ಹಿಂದೆ ಕೂತವನು ಕೈ ಚಾಚಿ ನಂಬರ್ ಪ್ಲೇಟ್ ಮುಚ್ಚಿದ. ಒದ್ದೆ ರಸ್ತೆ ಬೇರೆ, ಹಿಂದಿನ ಚಕ್ರ ಜಾರಿ ಬೈಕು ಅಡ್ಡಡ್ಡ ಹೋಯಿತು. ನಾನು ಹೇಗೋ ಎಡಕ್ಕೆ ಎಳೆದುಕೊಂಡೆ. ಬೆನ್ನಿಗೇ ಒಂದು ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆಯುತ್ತಾ ಬರುತ್ತಿತ್ತು. ಪುಣ್ಯಕ್ಕೆ ಹುಡುಗರು ಬೀಳಲಿಲ್ಲ. ಕ್ಯಾಮರಾ ದಾಟಿ ನೂರು ಮೀಟರ್ ಆಗುವಷ್ಟರಲ್ಲಿ ಮತ್ತೆ ಅದೇ ಸ್ಪೀಡ್!

ಕಾರು ಗಕ್ಕನೆ ನಿಂತರೆ ಒಳಗಿದ್ದವರು ಮುಗ್ಗರಿಸುತ್ತಾರೆ, ಅಷ್ಟೇ. ಬೈಕಿನ ಚಕ್ರ ಲಾಕ್ ಆದರೆ ಸವಾರ ರಸ್ತೆ ಮೇಲೆ.

ಕ್ಯಾಮರಾ ಇರುವ ಕಡೆ ಜನರಿಗೆ ಕಾಣುವಂತೆ ಸೂಚನಾ ಫಲಕ ಇರಬೇಕು ಎಂದು 2021ರ ಕೇಂದ್ರದ ನಿಯಮವೇ ಹೇಳುತ್ತದೆ. ಆ ಫಲಕ ಸಾಕಷ್ಟು ಮೊದಲೇ ಸಿಕ್ಕರೆ ಸವಾರ ನಿಧಾನಕ್ಕೆ ಆಕ್ಸಿಲರೇಟರ್ ಬಿಡುತ್ತಾನೆ. ಜೊತೆಗೆ ಎಷ್ಟು ಸ್ಪೀಡ್ ಎಂದೂ ಬರೆಯಲಿ. ಚತುಷ್ಪಥದಲ್ಲಿ ಬೈಕಿಗೆ ಕೇಂದ್ರ 2018ರಲ್ಲಿ ಹಾಕಿದ ಮಿತಿ 80 ಕಿ.ಮೀ. ಇದು ನನ್ನ ಆಫೀಸಿನ ಅರ್ಧ ಜನಕ್ಕೆ ಗೊತ್ತಿಲ್ಲ.

ಇನ್ನೊಂದು ದಾರಿಯೂ ಇದೆ. 6 ಕಿ.ಮೀ. ಅಂತರದಲ್ಲಿ ಎರಡು ಕ್ಯಾಮರಾ ಇಟ್ಟು, ನಡುವಿನ ಸಮಯ ಲೆಕ್ಕ ಹಾಕುವುದು. 80ರಲ್ಲಿ ಬಂದವನಿಗೆ ನಾಲ್ಕೂವರೆ ನಿಮಿಷ ಬೇಕು. ಮೂರೇ ನಿಮಿಷಕ್ಕೆ ಬಂದನೆಂದರೆ 120ರಲ್ಲಿ ಬಂದಿದ್ದಾನೆ. ಕಂಬದ ಹತ್ತಿರ ಬ್ರೇಕ್ ಒತ್ತಿ ಪ್ರಯೋಜನವಿಲ್ಲ. ನಡುವೆ ಚಾ ಕುಡಿಯಲು ನಿಂತು ಲೆಕ್ಕ ಸರಿಮಾಡಿಕೊಳ್ಳುವ ಬುದ್ಧಿವಂತರೂ ಇರುತ್ತಾರೆ. ನಿಲ್ಲಲಿ ಬಿಡಿ, ಓಡಿಸಿ ಉಳಿಸಿದ ಸಮಯ ಚಾದಲ್ಲೇ ಹೋಯಿತು ಅಲ್ವಾ?

ದಂಡದ ಹೆದರಿಕೆಯೂ ಕಡಿಮೆಯಾಗಿದೆ. 2023ರಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟ ಮೇಲೆ, ‘ಮುಂದಿನ ಡಿಸ್ಕೌಂಟ್ ಬರಲಿ, ಕಟ್ಟುವ’ ಎನ್ನುವವರೇ ಜಾಸ್ತಿ.

ಇನ್ನು ಪ್ಲೇಟ್ ಮಡಚಿದವರು, ಕೈಯಲ್ಲಿ ಮುಚ್ಚಿಕೊಂಡವರು. ಅವರನ್ನು ಎಂಥ ಕ್ಯಾಮರಾವೂ ಹಿಡಿಯದು. ಅದಕ್ಕೆ ಪೊಲೀಸರೇ ರಸ್ತೆಗೆ ಇಳಿದು ಬೈಕು ನಿಲ್ಲಿಸಬೇಕು.

– ಒಬ್ಬ ಬೈಕ್ ಸವಾರ, ಕಟಪಾಡಿ