ಗೆಳೆಯನಿಗೊಂದು ಪತ್ರ: ತೆಪ್ಪಳದ ಬಂಗಡೆ, ಜೊತೆಗೊಂದು ತೆಳು ಬಿಯರ್

ಪ್ರೀತಿಯ ಗೆಳೆಯಾ,

ಶಿರಸಿಯಲ್ಲಿ ಮಳೆ ಬಿಟ್ಟಿತಾ? ಇಲ್ಲಿ ಕಾರವಾರದಲ್ಲಿ ಎರಡು ದಿನದಿಂದ ಒಳ್ಳೆ ಬಿಸಿಲು. ಚೌತಿ ಮುಗಿದು ಮನೆಯಲ್ಲಿ ಮೀನು ಮತ್ತೆ ಶುರುವಾಗಿದೆ. ನಿನ್ನೆ ಸಂಜೆ ಕೋಡಿಬಾಗದ ಮನೆ ಜಗಲಿಯಲ್ಲಿ ಕೂತು ಒಂದು ಬಿಯರ್ ಕುಡಿದೆ. ಅದನ್ನು ನಿನಗೆ ಹೇಳಲೇಬೇಕು. ಲೈಟ್ ಬಿಯರ್ ಅಂದರೆ ನೀರು ಅಂತ ಕಾಲೇಜಿನ ದಿನದಿಂದ ವಾದ ಮಾಡುತ್ತಾ ಬಂದವನು ನೀನೇ ಅಲ್ವಾ?

ತಮ್ಮ ಬೆಂಗಳೂರಿಂದ ನಾಲ್ಕು ಕ್ಯಾನ್ ತಂದಿದ್ದ. ಒಂದು ಸಣ್ಣ ಕ್ರಾಫ್ಟ್ ಬ್ರೂವರಿಯದು. ಬೆಲ್ಜಿಯನ್ ಶೈಲಿಯ ಸೆಷನ್ ಏಲ್. ಏಲ್ ಅಂದರೆ ಬೆಚ್ಚಗಿನಲ್ಲಿ ಹುದುಗಿಸಿದ ಬಿಯರ್. ಸೆಷನ್ ಅಂದರೆ ಹರಟೆಗೆ ಕೂತಾಗ ಒಂದರ ಮೇಲೊಂದು ಕುಡಿದರೂ ತಲೆ ಭಾರವಾಗದ ಬಿಯರ್. ಇದರಲ್ಲಿ ಆಲ್ಕೋಹಾಲ್ 4.2 ಶೇಕಡಾ. ನೀನು ತರಿಸುವ ಸ್ಟ್ರಾಂಗ್ ಬಾಟಲಿಯಲ್ಲಿ 8ರ ಹತ್ತಿರ ಇರುತ್ತದೆ.

ಮೊದಲ ಗ್ಲಾಸ್ ಫ್ರಿಜ್ಜಿನಿಂದ ತೆಗೆದ ಹಾಗೇ ಕುಡಿದೆ. ಏನೂ ಇರಲಿಲ್ಲ. ಬರೀ ತಣ್ಣಗೆ. ನಿನ್ನ ಮಾತೇ ನಿಜವೇನೋ ಅನ್ನಿಸಿತು. ಅಷ್ಟರಲ್ಲಿ ಒಲೆ ಮೇಲಿನ ಬಂಗಡೆ ನೋಡಲು ಎದ್ದು ಹೋದೆ. ಹತ್ತು ನಿಮಿಷ ಬಿಟ್ಟು ಬಂದು ಮತ್ತೆ ಗ್ಲಾಸ್ ಎತ್ತಿದರೆ ಬೇರೆಯೇ ಬಿಯರ್! ಮೂಗಿನ ಹತ್ತಿರ ತಂದ ಕೂಡಲೇ ಚೆನ್ನಾಗಿ ಕಳಿತ ಬಾಳೆಹಣ್ಣು. ಅದರ ಹಿಂದೆ ಲವಂಗ. ಕ್ಯಾನ್ ತಿರುಗಿಸಿ ಓದಿದೆ. ನೀರು, ಬಾರ್ಲಿ, ಗೋಧಿ, ಹಾಪ್ಸ್ ಅನ್ನುವ ಕಹಿ ಹೂವು, ಹುದುಗಿಸುವ ಯೀಸ್ಟ್, ಅಷ್ಟೇ. ಬಾಳೆಯೂ ಇಲ್ಲ, ಲವಂಗವೂ ಇಲ್ಲ.

ಅದೆಲ್ಲ ಯೀಸ್ಟಿನ ಕೆಲಸ. ಬೆಲ್ಜಿಯಂ ಕಡೆಯ ಏಲ್ ಯೀಸ್ಟ್ ಬೆಚ್ಚಗಿನಲ್ಲಿ, 20 ಡಿಗ್ರಿ ಆಸುಪಾಸಿನಲ್ಲಿ ಸಕ್ಕರೆ ತಿನ್ನುತ್ತಾ ಈ ಘಮಗಳನ್ನು ತಾನೇ ಹುಟ್ಟಿಸುತ್ತದೆ. ನನಗೆ ತಕ್ಷಣ ನೆನಪಾಗಿದ್ದು ಸೇಂದಿ. ಕ್ರಿಸ್‌ಮಸ್ಸಿಗೆ ಪಕ್ಕದ ಮನೆಯವರು ಸೇಂದಿ ಹಾಕಿ ಇಡ್ಲಿಯಂಥ ಸನ್ನಾದ ಹಿಟ್ಟು ಹುದುಗಿಸುತ್ತಿದ್ದರಲ್ಲ, ಮುಚ್ಚಳ ತೆಗೆದಾಗ ಬರುತ್ತಿದ್ದ ಹಣ್ಣಿನಂಥ ವಾಸನೆ. ಸೇಂದಿಯನ್ನು ಹುದುಗಿಸುವ ಮುಖ್ಯ ಯೀಸ್ಟೂ ಏಲ್ ಯೀಸ್ಟೂ ಒಂದೇ ಜಾತಿಯವು. ಹಾಗಾಗಿ ಈ ಬಿಯರ್ ನನಗೆ ಪರದೇಶದ್ದು ಅನ್ನಿಸಲೇ ಇಲ್ಲ.

ಇನ್ನು ರುಚಿ. ತೆಳುವಾಗಿದೆ, ಆದರೆ ಖಾಲಿ ಅಲ್ಲ. ಸಿಹಿ ನಾಲಿಗೆ ಮೇಲೆ ನಿಲ್ಲುವುದಿಲ್ಲ. ನುಂಗಿದ ಮೇಲೆ ಗಂಟಲಲ್ಲಿ ಕಾಳುಮೆಣಸಿನಂಥ ಒಂದು ಸಣ್ಣ ಚುರುಕು. ಕಹಿ ಕಡಿಮೆ. ನೊರೆ ಮಾತ್ರ ಬೇಗ ಇಳಿಯಿತು, ಅದೊಂದು ಕೊರತೆ.

ಆಮೇಲೆ ಬಂಗಡೆ ಸಾರು ಬಂತು. ನೀವು ಜುಮ್ಮನಕಾಯಿ ಅನ್ನುತ್ತೀರಲ್ಲ, ನಮ್ಮ ತೆಪ್ಪಳ, ಅದನ್ನು ಜಜ್ಜಿ ಹಾಕಿದ್ದು. ತೆಪ್ಪಳಕ್ಕೆ ಕಿತ್ತಳೆ ಸಿಪ್ಪೆಯ ಘಮ, ನಾಲಿಗೆಗೆ ಜುಮ್ಮು. ಒಂದು ತುತ್ತು, ಒಂದು ಗುಟುಕು. ಲವಂಗವೂ ಕಿತ್ತಳೆಯೂ ಒಂದನ್ನೊಂದು ಎತ್ತಿ ಹಿಡಿದವು ನೋಡು! ಗುಳ್ಳೆಗಳು ತೆಂಗಿನಕಾಯಿಯ ಜಿಡ್ಡು ತೊಳೆದು ಬಾಯನ್ನು ಮುಂದಿನ ತುತ್ತಿಗೆ ಅಣಿ ಮಾಡಿದವು. ಸ್ಟ್ರಾಂಗ್ ಬಿಯರ್ ಜೊತೆ ಇದೇ ಸಾರು ಉಂಡಿದ್ದೇನೆ. ಆಲ್ಕೋಹಾಲ್ ಜಾಸ್ತಿಯಾದರೆ ಮೆಣಸಿನ ಖಾರ ಇನ್ನೂ ಉರಿಯುತ್ತದೆ. ಮೀನಿನ ರುಚಿಯೇ ಸಿಗುವುದಿಲ್ಲ.

ಬೆಲ್ಜಿಯಂನ ಸನ್ಯಾಸಿಗಳಿಗೆ ಇದು ಚೆನ್ನಾಗಿ ಗೊತ್ತು. ವೆಸ್ಟ್‌ಮಲ್ಲೆ ಮಠದ ಟ್ರಿಪೆಲ್ ಅನ್ನುವ ಸ್ಟ್ರಾಂಗ್ ಬಿಯರ್ 9.5 ಶೇಕಡಾ, ಜಗತ್ತೆಲ್ಲ ಹೆಸರು ಮಾಡಿದ್ದು. ಆದರೆ ಮಠದವರು ತಮ್ಮ ಊಟಕ್ಕೆ ಇಟ್ಟುಕೊಂಡಿದ್ದು 4.8 ಶೇಕಡಾದ ತೆಳು ಬಿಯರ್ ಎಕ್ಸ್‌ಟ್ರಾ. ಇಂಥ ಬಿಯರಿಗೆ ಅಲ್ಲಿ ಪಾಟರ್ಸ್‌ಬಿಯರ್ ಅನ್ನುತ್ತಾರೆ, ಪಾದ್ರಿಗಳ ಬಿಯರ್ ಅಂತ. ದಿನವೂ ಊಟದ ಜೊತೆ ಕುಡಿಯುವವರು ತಮಗಾಗಿ ಆರಿಸಿಕೊಂಡಿದ್ದು ತೆಳುವಾದದ್ದನ್ನೇ.

ಇನ್ನೂ ಎರಡು ಕ್ಯಾನ್ ಇವೆ. ಫ್ರಿಜ್ಜಿನ ಹಿಂಬದಿಗೆ ಸರಿಸಿ ಇಟ್ಟಿದ್ದೇನೆ, ತಮ್ಮನಿಗೂ ಮುಟ್ಟಬೇಡ ಅಂದಿದ್ದೇನೆ. ಭಾನುವಾರ ದೇವಿಮನೆ ಘಟ್ಟ ಇಳಿದು ಬಾ. ಬಸ್ಸಲ್ಲೇ ಬಾ, ರಾತ್ರಿ ಇಲ್ಲೇ ಉಳಿ. ಬರುವಾಗ ನಿಮ್ಮ ತೋಟದ ಕಾಳುಮೆಣಸು ಒಂದು ಹಿಡಿ ತಾ. ಬಂಗಡೆ ನಾನು ತರುತ್ತೇನೆ. ಕ್ಯಾನ್ ತೆಗೆದ ಮೇಲೆ ಹತ್ತು ನಿಮಿಷ ಮಾತ್ರ ತಡೆದುಕೋ.

ನಿನ್ನ ದಾರಿ ಕಾಯುತ್ತಿರುವ,
ಕೋಡಿಬಾಗದ ಗೆಳೆಯ