ಜೀಬ್ರಾ ಪಟ್ಟಿ ಬಂದಾಗ ಸೈಕಲ್‌ನಿಂದ ಇಳಿಯಬೇಕು: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಕಳೆದ ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ನಮ್ಮ ಶಾಲೆಯ ಹತ್ತಿರದ ಸಿಗ್ನಲ್‌ನಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತಾಗಿದೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ ಗೊತ್ತಾಗಿದೆ. ನಾನು ಆಗ ಗೇಟಿನ ಹತ್ತಿರವೇ ಇದ್ದೆ. ಹಾಗಾಗಿ ಕಣ್ಣಾರೆ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ.

ಎರಡನೇ ತರಗತಿಯ ಹುಡುಗಿ ತನ್ನ ಅಜ್ಜಿಯ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ನಡೆಯುವವರಿಗೆ ಹಸಿರು ದೀಪ ಇತ್ತು. ಬಸ್ಸು, ಕಾರು, ಆಟೋ ಎಲ್ಲ ನಿಂತಿದ್ದವು. ಆ ರಸ್ತೆ ಒನ್ ವೇ. ಗಾಡಿಗಳು ಬರುವುದು ಬಲಗಡೆಯಿಂದ ಮಾತ್ರ. ಅಜ್ಜಿ ಆ ಕಡೆಯೇ ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದರು. ನಮ್ಮ ಎಂಟನೇ ತರಗತಿಯ ಹುಡುಗ ಸೈಕಲ್‌ನಲ್ಲಿ ಬಂದದ್ದು ಎಡಗಡೆಯಿಂದ, ಒನ್ ವೇಗೆ ಎದುರಾಗಿ. ಹ್ಯಾಂಡಲ್ ಅಜ್ಜಿಯ ಮೊಣಕೈಗೆ ತಗುಲಿತು. ಬೀಳುವಾಗಲೂ ಅವರು ಮಗುವನ್ನು ತಮ್ಮ ಕಡೆಗೇ ಎಳೆದುಕೊಂಡರು. ಮಗುವಿಗೆ ಏನೂ ಆಗಲಿಲ್ಲ. ಅಜ್ಜಿಯ ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ.

ನಾನು ಓಡಿಹೋಗುವಷ್ಟರಲ್ಲಿ ಊಟದ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಚಿತ್ರಾನ್ನ ಬಿಳಿ ಪಟ್ಟಿಯ ಮೇಲೆಲ್ಲ ಚೆಲ್ಲಿತ್ತು. ಹುಡುಗನ ಮಂಡಿ ತರಚಿ ರಕ್ತ ಬರುತ್ತಿತ್ತು. ಅವನು ಅದನ್ನು ನೋಡಿಕೊಳ್ಳದೆ, ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ ಅನ್ನವನ್ನು ಎರಡೂ ಕೈಯಿಂದ ಡಬ್ಬಿಗೆ ತುಂಬುತ್ತಿದ್ದ. ಕೈ ನಡುಗುತ್ತಿತ್ತು. ನನ್ನನ್ನು ನೋಡಿದ ತಕ್ಷಣ ಅವನು ಹೇಳಿದ ಮೊದಲ ಮಾತು, "ಮಿಸ್, ನಾನು ಬೆಲ್ ಮಾಡಿದೆ."

ಆ ಮಾತು ಒಂದು ವಾರದಿಂದ ನನ್ನ ತಲೆಯಲ್ಲಿ ಕೂತಿದೆ. ಅವನು ಸುಳ್ಳು ಹೇಳಲಿಲ್ಲ. ಬೆಲ್ ಮಾಡಿದ್ದು ನನಗೂ ಕೇಳಿಸಿತ್ತು. ಬೆಲ್ ಮಾಡಿದ ಮೇಲೆ ಎದುರಿನವರು ಪಕ್ಕಕ್ಕೆ ಸರಿಯಬೇಕು ಅಂತ ಅವನು ನಿಜವಾಗಿಯೂ ನಂಬಿದ್ದಾನೆ. ಹದಿಮೂರು ವರ್ಷದ ಮಗು ಇದನ್ನು ಎಲ್ಲಿ ಕಲಿಯಿತು? ಬೆಂಗಳೂರಿನ ರಸ್ತೆಯಲ್ಲಿ ನಾವು ದೊಡ್ಡವರು ಹಾರ್ನ್ ಹೊಡೆಯುವುದನ್ನು ನೋಡಿಯೇ ಕಲಿತಿದೆ, ಅಲ್ವಾ?

ಆಮೇಲೆ ಮೂರು ದಿನ ನನ್ನ ರೂಮಿಗೆ ಪೋಷಕರು ಬರುತ್ತಲೇ ಇದ್ದರು. ಚಿಕ್ಕ ಮಕ್ಕಳನ್ನು ನಡೆಸಿಕೊಂಡು ಬರುವವರು, "ಮೇಡಂ, ಸೈಕಲ್ ತರುವುದನ್ನೇ ನಿಲ್ಲಿಸಿಬಿಡಿ" ಅಂದರು. ಸೈಕಲ್ ಮಕ್ಕಳ ಅಪ್ಪ ಅಮ್ಮಂದಿರು, "ನಡೆಯೋರು ಮೊಬೈಲ್ ನೋಡ್ಕೊಂಡು ಎಲ್ಲೆಂದರಲ್ಲಿ ರೋಡಿಗೆ ಇಳೀತಾರೆ, ಅವರಿಗೆ ಯಾರೂ ಹೇಳಲ್ಲ" ಅಂದರು. ದನಿ ಏರಿತು. ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳ ಅಮ್ಮಂದಿರು ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡು ಹೋದದ್ದನ್ನು ನೋಡಿದೆ. ನನಗೆ ತುಂಬಾ ಬೇಜಾರಾಯಿತು.

ಸೈಕಲ್ ಬಂದ್ ಮಾಡುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತಿದ್ದೇನೆ. ಸೈಕಲ್ ಇಲ್ಲದಿದ್ದರೆ ಆ ಮಕ್ಕಳು ಸ್ಕೂಟರ್ ಹಿಂದೆ, ಕಾರಿನಲ್ಲಿ ಬರುತ್ತಾರೆ. ಗೇಟಿನ ಮುಂದೆ ಇನ್ನಷ್ಟು ಗಾಡಿ ಸೇರುತ್ತವೆ. ನಡೆದು ಬರುವ ಮಗುವಿಗೆ ಅಪಾಯ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಸೈಕಲ್ ತುಳಿಯುತ್ತಿದ್ದವರೂ ಸಾವಿರಾರು ಜನ. ಮೋಟಾರು ಗಾಡಿಗಳ ಮಧ್ಯೆ ಮೈಗೆ ಯಾವ ರಕ್ಷಣೆಯೂ ಇಲ್ಲದೆ ಓಡಾಡುವವರು ಈ ಇಬ್ಬರೇ. ಇವರಿಬ್ಬರೂ ಜಗಳಕ್ಕೆ ನಿಂತರೆ ಯಾರಿಗೆ ಲಾಭ?

ಆದರೆ ಇಬ್ಬರದ್ದೂ ಸಮಾನ ತಪ್ಪು ಅಂತ ಸುಮ್ನೆ ಮಾತು ಮುಗಿಸುವುದಕ್ಕೂ ನನಗೆ ಮನಸ್ಸಿಲ್ಲ. ಜೀಬ್ರಾ ಪಟ್ಟಿ ನಡೆಯುವವರದ್ದು. ಅಲ್ಲಿ ಚಕ್ರದ ಮೇಲೆ ಬಂದವರು ನಿಲ್ಲಬೇಕು. ಕಾಲಿನ ಮೇಲೆ ಬಂದವರು ದಾಟಬೇಕು. ಚಕ್ರ ಎರಡಿರಲಿ, ನಾಲ್ಕಿರಲಿ, ಇಂಜಿನ್ ಇರಲಿ, ಇಲ್ಲದಿರಲಿ, ನಮ್ಮ ಶಾಲೆಯಲ್ಲಿ ಕಲಿಸುವುದು ಇದನ್ನೇ.

ಗುರುವಾರ ಒಂಬತ್ತನೇ ತರಗತಿಯ ಮಕ್ಕಳನ್ನು ಅವರ ಗಣಿತ ಟೀಚರ್ ಜೊತೆ ಟೇಪು, ಸ್ಟಾಪ್‌ವಾಚ್ ಕೊಟ್ಟು ಸಿಗ್ನಲ್ ಹತ್ತಿರ ಕಳಿಸಿದ್ದೆ. ರಸ್ತೆಯ ಅಗಲ ಸುಮಾರು 14 ಮೀಟರ್ ಬಂತು. ಸಿಗ್ನಲ್‌ಗೆ ಸಮಯ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿಯುತ್ತಾರೆ. ಆ ಲೆಕ್ಕಕ್ಕೆ 12 ಸೆಕೆಂಡು ಸಾಕು. ಅಜ್ಜಿಯರು, ಅವರ ಕೈ ಹಿಡಿದ ಪುಟ್ಟ ಮಕ್ಕಳು ಅಷ್ಟು ಬೇಗ ನಡೆಯುವುದಿಲ್ಲ. ಸೆಕೆಂಡಿಗೆ 0.8 ಮೀಟರ್ ಅಂದುಕೊಂಡರೂ 17 ಸೆಕೆಂಡು ದಾಟುತ್ತದೆ. ಹಸಿರು ದೀಪ ಇರುವುದು 15 ಸೆಕೆಂಡು. ಅಂದರೆ ಸರಿಯಾದ ಸಮಯಕ್ಕೆ ರಸ್ತೆಗಿಳಿದ ಅಜ್ಜಿಯೂ ಕೊನೆಯ ಎರಡು ಮೀಟರನ್ನು ಕೆಂಪು ದೀಪದಲ್ಲೇ ನಡೆಯಬೇಕು. "ಅವರು ಕೆಂಪು ದೀಪದಲ್ಲಿ ನಡೀತಾರೆ ಮಿಸ್" ಅಂತ ಸೈಕಲ್ ಮಕ್ಕಳು ದೂರುತ್ತಿದ್ದರು. ಅಳೆದು ನೋಡಿದ ಮೇಲೆ ಆ ದೂರು ಹೇಳಿದ ಮಕ್ಕಳೇ ಸುಮ್ಮನಾದರು. ಹಸಿರಿನ ಸಮಯ ಜಾಸ್ತಿ ಮಾಡಿ, ಮಾಸಿಹೋದ ಪಟ್ಟಿಗೆ ಬಣ್ಣ ಬಳಿಸಿ ಅಂತ ಅದೇ ಮಕ್ಕಳು ಸಂಚಾರ ಪೊಲೀಸರಿಗೆ ಮನವಿ ಬರೆದಿದ್ದಾರೆ. ಅಳತೆಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ನನ್ನ ಸಹಿ ಹಾಕಿ ಕಳಿಸಿದ್ದೇನೆ.

ಇನ್ನೊಂದು ಲೆಕ್ಕವನ್ನೂ ಮಕ್ಕಳು ಮಾಡಿದರು. ಸೈಕಲ್ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 4 ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಎದುರಿಗೆ ಯಾರೋ ಇದ್ದಾರೆ ಅಂತ ಕಂಡು, ಬೆರಳು ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಸೈಕಲ್ ಪಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಹೋಗಿಬಿಟ್ಟಿರುತ್ತದೆ. ಬ್ರೇಕ್ ಹಿಡಿಯುವುದು ಅದಾದ ಮೇಲೆ. ಸಣ್ಣ ಮಳೆ ಬಂದು ರಿಮ್ ಒದ್ದೆಯಾಗಿದ್ದರೆ ಇನ್ನೂ ದೂರ ಹೋಗುತ್ತದೆ.

ಹಾಗಾದರೆ ಮಕ್ಕಳು ಮೊದಲೇ ನಿಧಾನ ಯಾಕೆ ಮಾಡುವುದಿಲ್ಲ? ಬರೀ ಅವಸರ, ಬರೀ ತುಂಟತನ ಅಂತ ನಾನೂ ಅಂದುಕೊಂಡಿದ್ದೆ. ಶುಕ್ರವಾರ ಸೈಕಲ್ ಸ್ಟ್ಯಾಂಡಿನಲ್ಲಿ ನಮ್ಮ ಪಿ.ಟಿ. ಮಾಸ್ಟರ್ ಒಂದೊಂದೇ ಸೈಕಲ್ ಹಿಡಿದು ನೋಡಿದರು. ನಾನೂ ಜೊತೆಗೆ ನಿಂತಿದ್ದೆ. ಎಷ್ಟೋ ಸೈಕಲ್‌ಗಳಲ್ಲಿ ಹಿಂದಿನ ಬ್ರೇಕಿನ ರಬ್ಬರ್ ಸವೆದು ಹೋಗಿದೆ. ಕೇಬಲ್ ಸಡಿಲ. ಬ್ರೇಕ್ ಹಿಡಿ ಪೂರ್ತಿ ಹ್ಯಾಂಡಲ್‌ಗೆ ತಾಗಿದರೂ ಚಕ್ರ ತಿರುಗುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಸೀಟು. ಆರನೇ ತರಗತಿಯ ಪುಟ್ಟ ಹುಡುಗಿಯೊಬ್ಬಳನ್ನು ಅವಳ ಸೈಕಲ್ ಮೇಲೆ ಕೂರಿಸಿದೆವು. ಕಾಲಿನ ಹೆಬ್ಬೆರಳು ಕೂಡ ನೆಲಕ್ಕೆ ತಾಗಲಿಲ್ಲ. "ಬೆಳೀತೀಯಲ್ಲ, ಎರಡು ವರ್ಷ ಬರುತ್ತೆ ಅಂತ ಅಪ್ಪ ದೊಡ್ಡದು ಕೊಡಿಸಿದ್ರು ಮಿಸ್" ಅಂದಳು. ಬಟ್ಟೆಗೆ ಹಾಗೆ ಮಾಡಬಹುದು. ಸೈಕಲ್‌ಗೆ ದಯವಿಟ್ಟು ಮಾಡಬೇಡಿ. ಕಾಲು ನೆಲಕ್ಕೆ ಊರಲಾರದ ಮಗುವಿಗೆ ನಿಲ್ಲುವುದೆಂದರೇ ಭಯ. ನಿಂತರೆ ವಾಲುತ್ತದೆ, ಬೆನ್ನ ಮೇಲಿನ ಬ್ಯಾಗು ಎಳೆಯುತ್ತದೆ. ಹಿಂದೆ ನಿಂತ ಕಾರಿನವರು ಹಾರ್ನ್ ಹೊಡೆಯುತ್ತಾರೆ. ಮತ್ತೆ ಹತ್ತಿ ತುಳಿಯಲು ಹೊರಟರೆ ಸೈಕಲ್ ಹಾವಿನ ಹಾಗೆ ಹರಿಯುತ್ತದೆ. ಅದಕ್ಕೇ ಆ ಮಗು ನಿಲ್ಲದೆ, ಜನರ ಸಂದಿಯಲ್ಲಿ ನುಸುಳಿ ಹೋಗುವ ದಾರಿ ಕಂಡುಕೊಂಡಿದೆ. ಅದನ್ನು ಪೊಗರು ಅಂತ ಬೈದರೆ ಏನೂ ಸರಿಯಾಗುವುದಿಲ್ಲ. ಸೀಟು ಇಳಿಸಿಕೊಡಬೇಕು. ಇಳಿಯದಿದ್ದರೆ ಸೈಕಲ್ ಬದಲಾಯಿಸಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣನ ದೊಡ್ಡ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದು ಕಲಿತವಳು. ಡೈನಮೋ ಇಲ್ಲದೆ ರಾತ್ರಿ ಹೋದರೆ, ಡಬಲ್ಸ್ ಹೋದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಟ್ಟುಬಿಡುತ್ತಿದ್ದರು. ಸೈಕಲ್‌ಗೂ ಕಾನೂನು ಇದೆ ಅಂತ ಹಾಗೆ ನಮಗೆ ಗೊತ್ತಾಯಿತು. ಈಗ ಮಕ್ಕಳಿಗೆ ಅದನ್ನು ಯಾರೂ ಹೇಳುತ್ತಿಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಇಲ್ಲ, ಪರೀಕ್ಷೆ ಇಲ್ಲ. ಮನೆಯಲ್ಲಿ ಅಥವಾ ಶಾಲೆಯಲ್ಲಿ ಕಲಿತರೆ ಉಂಟು, ಇಲ್ಲದಿದ್ದರೆ ಇಲ್ಲ.

ನಡೆದು ಬರುವವರಿಗೂ ಒಂದೆರಡು ಮಾತು. ನಮ್ಮೂರಲ್ಲಿ ನಾವು ರಸ್ತೆ ದಾಟುವುದು ಅರ್ಧ ಕಿವಿಯಿಂದ. ಇಂಜಿನ್ ಸದ್ದು ಇಲ್ಲ ಅಂದರೆ ಗಾಡಿ ಇಲ್ಲ ಅಂದುಕೊಂಡು ಕಾಲು ಇಡುತ್ತೇವೆ. ಸೈಕಲ್‌ಗೆ ಸದ್ದಿಲ್ಲ. ಎಲೆಕ್ಟ್ರಿಕ್ ಸ್ಕೂಟರ್‌ಗೂ ಇಲ್ಲ. ಹಾಗಾಗಿ ಒನ್ ವೇ ಆದರೂ ಎರಡೂ ಕಡೆ ಕತ್ತು ತಿರುಗಿಸಿ ನೋಡಿ. ಅಜ್ಜಿಯ ತಪ್ಪಿಲ್ಲ, ಆದರೂ ಮಕ್ಕಳಿಗೆ ಇದನ್ನೇ ಹೇಳಿಕೊಡಿ. ನಿಂತ ಬಸ್ಸಿನ ಮುಂದಿನಿಂದ ಹಠಾತ್ತಾಗಿ ಹೊರಗೆ ಬರಬೇಡಿ. ಪಟ್ಟಿಯ ಮೇಲೆ ಇರುವಷ್ಟು ಹೊತ್ತು ಫೋನು ಬ್ಯಾಗಿನಲ್ಲಿರಲಿ. ಹಸಿರು ದೀಪ ಆಗಲೇ ಅರ್ಧ ಮುಗಿದಿದ್ದರೆ ಹಿರಿಯರು ಮುಂದಿನ ಹಸಿರಿಗೆ ಕಾಯಿರಿ. ಶಾಲೆಯ ಬೆಲ್ ಹೊಡೆದ ಮೇಲೆ ಐದು ನಿಮಿಷ ತಡವಾಗಿ ಬಂದರೆ ನಾವು ಯಾರೂ ಬೈಯುವುದಿಲ್ಲ.

ಇನ್ನು ಗಾಡಿಯಲ್ಲಿ ಬರುವ ಪೋಷಕರಿಗೆ. ನಾನು ದಿನಾ ನೋಡುತ್ತೇನೆ. ಕೆಂಪು ದೀಪ ಬಿದ್ದಾಗ ಸ್ಟಾಪ್ ಲೈನ್ ದಾಟಿ, ಪಟ್ಟಿಯ ಮೇಲೆಯೇ ಸ್ಕೂಟರ್ ನಿಲ್ಲಿಸಿ, ಅಲ್ಲೇ ಮಗುವನ್ನು ಇಳಿಸುವವರಿದ್ದಾರೆ. ಹಾಗೆ ಮಾಡಿದಾಗ ಅಜ್ಜಿ, ಪುಟ್ಟ ಮಕ್ಕಳು ಪಟ್ಟಿ ಬಿಟ್ಟು ಗಾಡಿಗಳ ಮಧ್ಯೆ ದಾರಿ ಹುಡುಕಬೇಕಾಗುತ್ತದೆ. ಪಾದಚಾರಿಗಳಿಗೆ ಪಟ್ಟಿಯಲ್ಲಿ ದಾರಿ ಬಿಡಬೇಕು ಅಂತ 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದೆ. ರಸ್ತೆಯ ಎಡ ಅಂಚಿನಲ್ಲಿ ಕಾರು ನಿಲ್ಲಿಸಿದರೆ ಸೈಕಲ್ ಮಗು ಒಂದೋ ಬಸ್ಸಿನ ಪಕ್ಕಕ್ಕೆ ಬರಬೇಕು, ಇಲ್ಲವೇ ಫುಟ್‌ಪಾತ್ ಹತ್ತಬೇಕು. ನಮ್ಮ ಜಯನಗರದಲ್ಲಿ ಸೈಕಲ್‌ಗೆಂದೇ ಪಥ ಮಾಡಿದ್ದರು. ಅದರ ಮೇಲೆ ಕಾರು ನಿಂತಿರುವುದನ್ನು ನೀವೆಲ್ಲ ಕಂಡಿದ್ದೀರಿ. 2017ರಲ್ಲಿ ಗ್ರೀನ್ ಲೈನ್ ಮೆಟ್ರೋ ಈ ಕಡೆ ಬಂದ ಮೇಲೆ ಸ್ಟೇಷನ್‌ನಿಂದ ನಡೆದು ಬರುವ ಜನ ಜಾಸ್ತಿಯಾಗಿದ್ದಾರೆ. ಇರುವ ಸ್ವಲ್ಪ ಜಾಗದಲ್ಲಿ ಇವರೂ ಸೈಕಲ್ ಮಕ್ಕಳೂ ಒತ್ತಿಕೊಂಡು ಓಡಾಡುತ್ತಿದ್ದಾರೆ.

ಹತ್ತನೇ ತರಗತಿಯ ಕೆಲವು ಮಕ್ಕಳು ಸ್ಕೂಟರ್ ತಂದು ಪಕ್ಕದ ಕ್ರಾಸಿನಲ್ಲಿ ನಿಲ್ಲಿಸುತ್ತಿರುವುದು ನನಗೆ ಗೊತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಚಿಕ್ಕ ವಯಸ್ಸಿನವರು ಮೋಟಾರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಮಗುವಿಗೆ 25 ವರ್ಷ ವಯಸ್ಸಾಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗಂಟೆಗೆ 25 ಕಿಲೋಮೀಟರ್ ವೇಗ ಮೀರದ, 250 ವ್ಯಾಟ್ ಒಳಗಿನ ಸಣ್ಣ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ, ನಿಜ. ಆದರೂ ನಮ್ಮ ಶಾಲೆಗೆ ಅದನ್ನು ತರುವಂತಿಲ್ಲ.

ಬರುವ ಸೋಮವಾರದಿಂದ ಸೈಕಲ್ ಮಕ್ಕಳೆಲ್ಲರೂ ಜೀಬ್ರಾ ಪಟ್ಟಿಗೆ ಮೊದಲೇ ಇಳಿದು, ಸೈಕಲ್ ತಳ್ಳಿಕೊಂಡು, ನಡೆಯುವವರ ಜೊತೆ ನಡೆದೇ ದಾಟಬೇಕು. ಫುಟ್‌ಪಾತ್ ಮೇಲೂ ಅಷ್ಟೇ. ಒನ್ ವೇಯಲ್ಲಿ ಎದುರಿನಿಂದ ಬರುವಂತಿಲ್ಲ. ಸುತ್ತಿಕೊಂಡು ಬರುವುದಕ್ಕೆ ನಾಲ್ಕು ನಿಮಿಷ ಹೆಚ್ಚಾಗುತ್ತದೆ. ನಾನೇ ಸೈಕಲ್ ತುಳಿದು ನೋಡಿದ್ದೇನೆ. ಅಷ್ಟು ಮುಂಚೆ ಮನೆ ಬಿಡಿಸಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸೈಕಲ್ ರಿಪೇರಿ ಮಾಡುವವರು ಶಾಲೆಗೆ ಬರುತ್ತಾರೆ. ಬ್ರೇಕ್ ರಬ್ಬರ್, ಕೇಬಲ್ ಖರ್ಚು ಶಾಲೆಯದ್ದು. ಮಗುವಿನ ಜೊತೆ ನೀವೂ ಬನ್ನಿ, ಸೀಟಿನ ಎತ್ತರವನ್ನು ನಿಮ್ಮ ಮುಂದೆಯೇ ಸರಿಮಾಡಿಸೋಣ. ಬೆಳಿಗ್ಗೆ ಎಂಟರಿಂದ ಎಂಟೂವರೆವರೆಗೆ ಪಿ.ಟಿ. ಮಾಸ್ಟರ್ ಸಿಗ್ನಲ್‌ನಲ್ಲಿ ಇರುತ್ತಾರೆ. ಅವರ ಜೊತೆ ದಿನಕ್ಕೆ ಇಬ್ಬರು ಪೋಷಕರು ಬೇಕು, ನಡೆಸಿಕೊಂಡು ಬರುವವರ ಪೈಕಿ ಒಬ್ಬರು, ಸೈಕಲ್ ಮಕ್ಕಳ ಮನೆಯವರ ಪೈಕಿ ಒಬ್ಬರು. ನಿಮ್ಮಲ್ಲಿ ಯಾರಾದರೂ ಟ್ರಾಫಿಕ್ ವಾರ್ಡನ್, ಅಂದರೆ ಸಂಚಾರ ಪೊಲೀಸರಿಗೆ ನೆರವಾಗುವ ಸ್ವಯಂಸೇವಕರು, ಆಗಿದ್ದರೆ ದಯವಿಟ್ಟು ನನ್ನನ್ನು ಭೇಟಿಯಾಗಿ.

ಭಾನುವಾರ ಅಜ್ಜಿಯನ್ನು ನೋಡಲು ಹೋಗಿದ್ದೆ. ಹುಡುಗ ಮತ್ತು ಅವನ ಅಪ್ಪ ನನಗಿಂತ ಮೊದಲೇ ಬಂದು ಕೂತಿದ್ದರು. ಹುಡುಗ ತಲೆ ಎತ್ತಿರಲಿಲ್ಲ. ಕಾಫಿ ಕೊಡುವಾಗ ಅಜ್ಜಿ ನನಗೆ ಹೇಳಿದರು, "ಪಾಪ, ಮಗು ಓಡಿಹೋಗಲಿಲ್ಲಮ್ಮ. ಅಲ್ಲೇ ನಿಂತಿದ್ದ."

ಅವರ ಕೈಗೆ ಹಾಕಿದ ಪ್ಲಾಸ್ಟರ್ ತೆಗೆಯುವುದು ಇನ್ನು ಐದು ವಾರಕ್ಕೆ. ಮೊಮ್ಮಗಳ ಅಪ್ಪ ಅಮ್ಮ ಇಬ್ಬರೂ ಏಳೂವರೆಗೇ ಕೆಲಸಕ್ಕೆ ಹೊರಡುತ್ತಾರೆ. ಅಲ್ಲಿಯವರೆಗೆ ಆ ಮಗುವನ್ನು ಬೆಳಿಗ್ಗೆ ಕರೆದುಕೊಂಡು ಬರಲು, ಮಧ್ಯಾಹ್ನ ಬಿಡಲು ಯಾರಾದರೂ ಬೇಕು. ಅವರ ಮನೆ ನಾಲ್ಕನೇ ಬ್ಲಾಕ್ ಕಡೆ. ಆ ಕಡೆಯಿಂದ ನಡೆದು ಬರುವವರು ನಾಳೆಯೊಳಗೆ ಶಾಲೆಯ ಆಫೀಸಿನಲ್ಲಿ ಹೆಸರು ಕೊಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ